ನಾಳೆ ಬೀಳೋ ಕೊಡ್ಲಿ

ನಮ್ಮೂರಲ್ಲಿ ಮದ್ವೆ ಆದ್ರೆ ಗಂಡು ಹೆಣ್ಣು ಎರಡು ಸಲ ಚಪ್ಪರದಡಿ ನಿಂತ್ಕಬೇಕು. ತಾಳಿ ಕಟ್ಟೋ ದಿನ ಜನ ಎಲ್ಲ ಅಕ್ಷತೆ ಎಸೀತಾರೆ, ಒಂದು ಕಾಳೂ ಕೆಳಕ್ಕೆ ಬೀಳಲ್ಲ. ಮಾರ್ನೇ ದಿನ ಅದೇ ಹೊತ್ಗೆ ಅವರಿಬ್ರೇ ಬಂದು ಖಾಲಿ ಚಪ್ಪರದಡಿ ತಲೆ ಬಗ್ಗಿಸ್ಕಂಡು ನಿಂತ್ಕತಾರೆ. ಆಗ ಬೀಳ್ತದೆ ನೋಡಿ, ಎಲ್ಲಿಂದಾನೋ. ನನ್ನ ಮದ್ವೆ ಅಕ್ಷತೆ ಬಿದ್ದು ಮುಗಿಯೋಕೆ ಹೊತ್ತು ಮುಳುಗಿತ್ತು. ನಮ್ಮೋರು ಸೊಂಟದವರ್ಗೂ ಅಕ್ಕೀಲಿ ಹೂತೋಗಿದ್ರು, ನಾನೇ ಎಳ್ದು ಈಚೆ ಹಾಕಿದ್ದು. ನಂಬೋರು ನಂಬಿ.

ಕೈಯಿಂದ ಎಸ್ದಿದ್ದು ನಾಳೆ ಈ ಹೊತ್ಗೆ ಬೀಳ್ತದೆ, ಅಷ್ಟೇಯ. ಯಾಕೆ ಅಂತ ನನ್ನ ಕೇಳ್ಬೇಡಿ. ನಿಮ್ಮೂರಲ್ಲಿ ಎಸ್ದ ತಕ್ಷಣ ಬೀಳ್ತದಂತಲ್ಲ, ಅದ್ಯಾಕೆ ಅಂತ ನೀವು ಮೊದ್ಲು ಹೇಳಿ. ನಾವು ಮುಸುರೆ ನೀರನ್ನ ಬಗ್ಗಿ ಮೆಲ್ಲಗೆ ನೆಲಕ್ಕೆ ಬಿಡ್ತೀವಿ, ಎರಚಲ್ಲ. ಕೋಳಿಗೆ ನಾಳೆ ಕಾಳನ್ನ ಇವತ್ತೇ ಎಸ್ದು ಮಡಗ್ತೀವಿ. ನಮ್ಮೂರ ನಾಯಿಗಳಿಗೆ ಕಲ್ಲು ಅಂದ್ರೆ ಏನು ಅಂತಾನೇ ಗೊತ್ತಿಲ್ಲ, ಒಂದೊಂದೂ ಗೌಡನ ಥರ ನಡು ಬೀದೀಲಿ ಮಲ್ಗಿರ್ತವೆ.

ಸಾವಾದ್ರೆ ಮಾತ್ರ ಕಷ್ಟ. ಹೆಣದ ಮುಂದೆ ಪುರಿ ಎರಚ್ಕಂಡು ಹೋಗ್ತಾರಲ್ಲ, ಅದು ಮಾರ್ನೇ ದಿನ ಬೀಳ್ತದೆ. ಆ ಹೊತ್ನಲ್ಲಿ ಊರೋರೆಲ್ಲ ಬಾಗ್ಲು ಹಾಕ್ಕಂಡು ಒಳ್ಗೆ ಕೂತಿರ್ತಾರೆ. ನಮ್ಮೋರನ್ನ ತಗೊಂಡೋದ ಮಾರ್ನೇ ದಿನ ನಾನು ಬಾಗ್ಲು ಸಂದೀಲಿ ಕಣ್ಣಿಟ್ಟು ನೋಡ್ತಾ ಕೂತಿದ್ದೆ. ಬೀದೀಲಿ ಒಂದು ನರಪಿಳ್ಳೆ ಇಲ್ಲ. ನಮ್ಮ ಜಗ್ಲಿ ಹತ್ರ ಒಂದು ಹಿಡಿ ಪುರಿ ಬಿತ್ತು. ಆಮೇಲೆ ಒಸಿ ಮುಂದೆ ಇನ್ನೊಂದು ಹಿಡಿ. ಹಂಗೇ ಮುಂದೆ ಮುಂದೆ ಬೀಳ್ತಾ ಹೋಯ್ತು, ಯಾರೋ ಹೊತ್ಕಂಡು ನಡೀತಾವ್ರೆ ಅನ್ನಂಗೆ. ತಿರುವಿನಲ್ಲಿ ಒಂದು ಗಳಿಗೆ ನಿಂತ್ಕಂಡ್ತು. ಅಲ್ಲಿ ಹೆಗಲು ಬದಲಾಯ್ಸಿದ್ರು ಅನ್ನೋದು ನಂಗೆ ಗ್ಯಾಪ್ಕ ಬಂತು.

ಆ ಪುರಿ ಗುಡ್ಸೋಕೆ ಮುಂಚೇನೇ ಕೊಡ್ಲಿ ಮಾತು ಬಂತು.

ನಮ್ಮಲ್ಲಿ ಒಲೆಗೊಂದು ಕೊಡ್ಲಿ ಕೈ ಇರ್ಬೇಕು, ಅಂದ್ರೆ ಕೊಡ್ಲಿಗೆ ನಿಂತು ಗೆದ್ದೋರು ಒಬ್ರು. ನಮ್ಮನೇಲಿ ಅದು ನಮ್ಮೋರು. ಮನೆ ಕೊಡ್ಲಿ ಕೈ ಸತ್ರೆ, ಆ ಒಲೇಲಿ ಉಣ್ಣೋ ಇನ್ನೊಬ್ರು ಊರಾಚೆ ದಿಮ್ಮಿ ಬಯ್ಲಿಗೆ ಹೋಗಿ, ಅಲ್ಲಿ ನೆಟ್ಟಿರೋ ಹಲಸಿನ ದಿಮ್ಮಿಗೆ ಕೊಡ್ಲಿ ಎಸೀಬೇಕು. ಮಾರ್ನೇ ದಿನ ಅದೇ ಹೊತ್ಗೆ ಹೋಗಿ ಅದೇ ದಿಮ್ಮಿಗೆ ಬೆನ್ನು ಕೊಟ್ಟು ನಿಂತ್ಕಬೇಕು. ನಿಂತಿರೋರನ್ನ ಬುಟ್ಟು ದಿಮ್ಮಿಗೆ ಕಚ್ಕಂಡ್ರೆ ಒಲೆ ಉಳೀತು. ನಿಂತ್ಕಳಲ್ಲ ಅಂದ್ರೆ, ಇಲ್ಲಾ ನಿಂತು ಅಲ್ಲಾಡಿದ್ರೆ, ಒಲೆಕಲ್ಲು ಕಿತ್ತು ಕೆರೆಗೆ ಹೊತ್ಕಂಡೋಗಿ ಮುಳುಗಿಸ್ತಾರೆ, ಆ ಮನೆಯೋರು ಹತ್ರದ ನೆಂಟರ ಒಲೆಗೆ ಸೇರ್ಬೇಕು. ಮೈಮೇಲೆ ಬಿದ್ರೆ ಏನು ಅಂತ ಯಾರೂ ಬಾಯಿ ಬುಟ್ಟು ಹೇಳಲ್ಲ. ಬಯ್ಲ ಮೂಲೇಲಿ ಒಂದು ಬೇಲಿ ಐತೆ. ಅದರೊಳ್ಗೆ ಕನಕಾಂಬ್ರ ಗಿಡ ಸೊಂಪಾಗಿ ಬೆಳ್ದವೆ, ಯಾರೂ ಮುಡ್ಕಳಲ್ಲ.

ನಂಗೆ ಮಕ್ಕಳಿಲ್ಲ. ನನ್ನ ಒಲೇಲಿ ಉಣ್ಣೋಳು ನಾನೊಬ್ಳೇ, ಬೆಕ್ಕನ್ನ ಬುಟ್ರೆ. ಹತ್ರದ ನೆಂಟ್ರು ಅಂದ್ರೆ ನನ್ನ ವಾರಗಿತ್ತಿ ದ್ಯಾವೀರಿ, ನಮ್ಮ ಮೈದುನನ ಹೆಂಡ್ತಿ. ಮೈದುನ ಹೋಗಿ ವರ್ಷಗಳಾದ್ವು. ಮಗ ಸೊಸೆ ಇದ್ರೂ ಅವಳ ಅಡುಗೆಮನೇಲಿ ಅವಳದೇ ರಾಜ್ಯ, ಸೊಸೆ ಬೆಂಕಿಕಡ್ಡಿ ಗೀರಬೇಕಾದ್ರೂ ಇವಳ ಅಪ್ಪಣೆ ಬೇಕು. ನಾನು ತೆಂಗಿನಮರದ ಜಾತಿ, ಯಾವ ಮನೆ ಹೊಸ್ಲು ದಾಟಿದ್ರೂ ಹಣೆ ಬಡ್ಕತೀನಿ. ಅವಳು ಗಿಡ್ಡ, ಒಳಕಲ್ಲಿನ ಜಾತಿ. ಇಬ್ರೂ ಒಂದೇ ಮನೆಗೆ ಸೊಸೇರಾಗಿ ಬಂದೋರು, ಬಂದ ಮೊದಲ್ನೇ ವಾರವೇ ಸಾರಿಗೆ ಹುಣಸೆ ಎಷ್ಟು ಹಾಕ್ಬೇಕು ಅನ್ನೋದ್ರ ಮೇಲೆ ಜಗಳ ಆಡಿ ಒಲೆ ಬೇರೆ ಮಾಡ್ಕಂಡೋರು. ಅವತ್ತಿಂದ ಅವಳು ನನ್ನ ಮನೇಲಿ ಉಂಡಿಲ್ಲ, ನಾನು ಅವಳ ಮನೇಲಿ ಉಂಡಿಲ್ಲ. ಬೀದೀಲಿ ಸಿಕ್ರೆ ಮಾತು, ಬೈಗುಳ ಎಲ್ಲ ಉಂಟು, ಊಟ ಮಾತ್ರ ಇಲ್ಲ. ಅವಳ ಸಾರು ಹೆಂಗಿರ್ತದೆ ಅಂದ್ರೆ, ಒಂದ್ಸಲ ಚೆಲ್ಲಿದ ಜಾಗದಲ್ಲಿ ಇವತ್ತಿಗೂ ಹುಲ್ಲು ಬೆಳ್ದಿಲ್ಲ.

ಊರೋರು ಜಗ್ಲಿ ಮೇಲೆ ಕೂತ್ಕಂಡು, "ಹೊಂಬಾಳಮ್ಮ, ಈ ವಯಸ್ಸಲ್ಲಿ ನಿನಗ್ಯಾಕೆ ಕೊಡ್ಲಿ? ದ್ಯಾವೀರಮ್ಮನ ಮನೆ ಸೇರ್ಕಂಬುಡು" ಅಂದ್ರು.

"ಅವಳ ಸಾರಿಗಿಂತ ಕೊಡ್ಲೀನೇ ವಾಸಿ. ಒಂದೇ ಏಟಿಗೆ ಮುಗೀತದೆ" ಅಂದೆ.

ಎಲ್ರೂ ನಕ್ರು. ನಾನೂ ನಕ್ಕೆ. ಒಳ್ಗೆ ಬಂದು ಒಲೆ ಮುಂದೆ ಕೂತ್ಕಂಡೆ. ನಮ್ಮೋರು ದಿನಾ ಅಲ್ಲೇ ಗೋಡೆಗೆ ಒರಗಿ ಕೂತು ನನ್ನ ಸುಳ್ಳುಗಳನ್ನೆಲ್ಲ ಕೇಳೋರು. ಗೋಡೇಲಿ ಅವ್ರ ಬೆನ್ನಿನ ಎಣ್ಣೆ ಕಲೆ ಐತೆ. ಆ ಕಲ್ಲು ಕಿತ್ರೆ ನಾನು ಯಾರಿಗೆ ಸುಳ್ಳು ಹೇಳ್ಲಿ?

ಕೊಡ್ಲಿ ಕಲಿಸೋನು ಬೀರಣ್ಣ. ಮೊದಲ್ನೇ ಎಸೆತವೇ ಲೆಕ್ಕ, ಅದಕ್ಕೆ ಮುಂಚೆ ಕೊಡ್ಲೀನ ಕೈ ಬಿಡಂಗಿಲ್ಲ, ಹಿಡ್ಕಂಡು ಬೀಸಿ ಅಭ್ಯಾಸ ಮಾಡ್ಬೋದು ಅಷ್ಟೇ. ಕೊಡ್ಲಿ ಅಂದ್ರೆ ಸೌದೆ ಒಡೀತಾ ಹಿಡಿಯೋದು ಅಂತ ನಾನು ತಿಳ್ಕಂಡಿದ್ದೆ. ಹಂಗಲ್ಲ. ಕಾವನ್ನ ಎರಡೂ ಕೈಲಿ ತುದೀಲಿ ಹಿಡ್ಕಂಡು, ಒಂದು ಕಾಲು ಮುಂದಿಟ್ಟು, ತಲೆ ಹಿಂದಕ್ಕೆ ತಗೊಂಡೋಗಿ, ಮಣಿಕಟ್ಟು ಒಸಿನೂ ತಿರುಗಿಸ್ದೆ ಮುಂದಕ್ಕೆ ತಂದು, ಕೈ ಕಣ್ಣಿನ ನೇರಕ್ಕೆ ಬಂದಾಗ ಬುಟ್ಬುಡ್ಬೇಕು. ಅದು ಗಾಳೀಲಿ ಒಂದು ಲಾಗ ಹಾಕಿ ಬಾಯಿ ಮುಂದಾಗಿ ಹೋಗ್ತದೆ.

"ಬಲ ಹಾಕ್ಬೇಡಕ್ಕ" ಅಂದ ಬೀರಣ್ಣ. "ಬಲ ಹಾಕಿದ್ರೆ ಸೊಟ್ಟ ಹೋಗ್ತದೆ. ಮಗೂನ ಕೆಳಗಿಳಿಸಿದಂಗೆ ಬುಡು."

"ಮಗೂನ ಯಾರು ತಲೆ ಮೇಲಿಂದ ಕೆಳಗಿಳಿಸ್ತಾರೋ?"

"ನಿನ್ನಂಥೋರು ಇಳಿಸ್ತಾರೆ, ಅಷ್ಟೆತ್ರ ಇದ್ದೀಯಲ್ಲ." ಆಮೇಲೆ ನಗು ನಿಲ್ಸಿ ಹೇಳ್ದ, "ದಿಮ್ಮಿ ಅಗಲ ಐತೆ. ಎಡಕ್ಕೆ ಹೋದ್ರೂ ಸರಿ, ಬಲಕ್ಕೆ ಹೋದ್ರೂ ಸರಿ. ನಡುವಿಗೆ ಮಾತ್ರ ಬೇಡ. ಮಾರ್ನೇ ದಿನ ನೀನು ನಿಲ್ಲೋದು ಅಲ್ಲಿ."

ಕೊಡ್ಲಿ ಬಿಡಂಗಿಲ್ಲ ಅಂದ್ರೆ ಸೋರೆಕಾಯಿ ಬಿಡ್ಬೋದಲ್ಲ ಅಂತ ನಾನು ಹಿತ್ಲಲ್ಲಿ ಸೋರೆಕಾಯಿ ಎಸ್ದು ಅಭ್ಯಾಸ ಮಾಡ್ದೆ. ಎಸ್ದಿದ್ದು ಎಲ್ಲಿ ಹೋಯ್ತು ಅಂತ ನಾಳೆ ತಾನೆ ಗೊತ್ತಾಗೋದು, ಅಷ್ಟೊತ್ಗೆ ಇವತ್ತು ಕೈ ಹೆಂಗಿತ್ತು ಅನ್ನೋದೇ ಮರ್ತೋಗಿರ್ತದೆ. ಬಳ್ಳೀಲಿದ್ದ ಕಾಯೆಲ್ಲ ಖಾಲಿ ಆಯ್ತು. ಮಾರ್ನೇ ದಿನ ಎದುರು ಮನೆ ಎಮ್ಮೆ ಬೆನ್ನ ಮೇಲೆ ಒಂದು, ಬಾವಿ ಒಳ್ಗೆ ಒಂದು, ದ್ಯಾವೀರಿ ಒಣಗಾಕಿದ್ದ ಹಪ್ಪಳದ ಮೇಲೆ ಮಿಕ್ಕಿದ್ದೆಲ್ಲ. ಅವಳು ಬೀದೀಲಿ ನಿಂತ್ಕಂಡು, "ಅಕ್ಕ, ನೀನು ದಿಮ್ಮೀಗಲ್ಲ, ಪಕ್ಕದೂರಿಗೆ ಎಸೀತೀಯ. ಸುಮ್ನೆ ಬಂದು ನನ್ನ ಮನೆ ಮೂಲೇಲಿ ಬಿದ್ಕೊ" ಅಂತ ಕೂಗಿದ್ಳು. ಅಷ್ಟು ಹೇಳಿ ಮುಖ ಸಿಂಡರಿಸ್ಕಂಡ್ಳು. ನಾನು ಬಂದು ಮೂಲೇಲಿ ಕೂರೋದನ್ನ ಯೋಚ್ನೆ ಮಾಡಿದ್ರೇನೇ ಅವಳಿಗೆ ವಾಕರಿಕೆ ಅನ್ನೋದು ನಂಗೆ ಗೊತ್ತು.

ಎಸಿಯೋ ದಿನ ಬಂತು. ನೆರಳು ಕಾಲಡಿಗೆ ಬರೋ ಹೊತ್ಗೆ ಊರೆಲ್ಲ ಬಯ್ಲಲ್ಲಿ ಸೇರಿತ್ತು. ದಿಮ್ಮಿ ಬುಡದಲ್ಲಿ ಒಂದು ಚಪ್ಪಡಿ ಐತೆ, ಅದರಲ್ಲಿ ಎರಡು ಪಾದದ ಗುಳಿ, ನಿಂತೋರು ನಿಂತೋರು ಸವೆಸಿದ್ದು. ಬೀರಣ್ಣ ಎಲ್ರಿಗೂ ಕೇಳಂಗೆ ಹೇಳ್ದ, "ಎಸೆತ ಕಂಡೋರು ಎಲ್ಲಿಗೆ ಹೋಯ್ತು ಅಂತ ನಾಳೆವರ್ಗೂ ಬಾಯಿ ಬಿಡಂಗಿಲ್ಲ. ಯಾರಾದ್ರೂ ಹೇಳಿದ್ರೆ ಒಲೆ ಹೋಯ್ತು. ನಾಳೆ ಹೊಂಬಾಳಕ್ಕ ನಿಲ್ಬೇಕು, ಇಲ್ಲಾ ಅವಳ ಒಲೇಲಿ ಉಂಡಿರೋ ಇನ್ಯಾರಾದ್ರೂ ನಿಲ್ಬೇಕು."

"ಬೆಕ್ಕನ್ನ ಕೇಳ್ತೀನಿ" ಅಂದೆ. ಯಾರೂ ನಗ್ಲಿಲ್ಲ.

ಕೈ ಬಿಟ್ಟ ಮೇಲೆ ಕೊಡ್ಲಿ ಒಂದು ಮಾರು ದೂರ ಕಾಣ್ತದೆ, ಆಮೇಲೆ ಮಡ್ಚಿದ ಸೀರೆ ಪೆಟ್ಟಿಗೆ ಒಳ್ಗೆ ಹೋದಂಗೆ ಹೋಗ್ಬುಡ್ತದೆ. ಆ ಒಂದು ಮಾರಿನಲ್ಲೇ ಹಳಬರಿಗೆ ಗೊತ್ತಾಗ್ತದೆ ಎಲ್ಲಿ ಬೀಳ್ತದೆ ಅಂತ. ನಾನು ಕಾಲಿಟ್ಟೆ, ಕೈ ಹಿಂದಕ್ಕೆ ತಗೊಂಡೋದೆ. ಕಾವು ಬೆವರಲ್ಲಿ ಒದ್ದೆಯಾಗಿತ್ತು. ಮುಂದಕ್ಕೆ ತಂದು ಬಿಡೋವಾಗ ನನ್ನ ಕಣ್ಣು ತಾನಾಗೇ ಮುಚ್ಕಂಬುಡ್ತು. ತೆಗ್ದಾಗ ಕೈ ಖಾಲಿ, ಮುಂದೆ ಬರೀ ಬಿಸ್ಲು. ಊರೆಲ್ಲಾ ನೋಡಿದ್ದನ್ನ ನಾನೊಬ್ಳು ನೋಡಿರ್ಲಿಲ್ಲ.

ತಿರುಗಿದ್ರೆ ಬೀರಣ್ಣ ಟವಲಲ್ಲಿ ಮುಖ ಒರಸ್ಕತಾ ಇದ್ದ, ಒರಸ್ಕತಾನೇ ಇದ್ದ.

"ಹೆಂಗಿತ್ತೋ?" ಅಂದೆ.

"ಮಣಿಕಟ್ಟು ತಿರುಗ್ಲಿಲ್ಲ ಅಕ್ಕ" ಅಂದ. "ಅಷ್ಟು ಚೆನ್ನಾಗಿ ಇಲ್ಲೀವರ್ಗೂ ಯಾರೂ ಬುಟ್ಟಿಲ್ಲ." ಹಂಗೆ ಹೇಳ್ತಾ ಅವನು ನನ್ನ ಕಣ್ಣು ನೋಡ್ಲಿಲ್ಲ. ಕಣ್ಣಿಗಿಂತ ಒಸಿ ಕೆಳಕ್ಕೆ ನೋಡ್ದ.

ಮನೆಗೆ ಬರೋ ದಾರೀಲಿ ಎದುರು ಮನೆಯೋಳು ಅಡ್ಡ ಬಂದು ಒಂದು ಮಾರು ಮಲ್ಲಿಗೆ ಕೊಟ್ಳು. ಗಂಡ ಸತ್ತೋಳಿಗ್ಯಾಕೆ ಹೂವು ಅಂದೆ. "ದೇವ್ರಿಗೆ ಇಡಿ" ಅಂದ್ಳು. ಅವಳ ಕಣ್ಣು ನನ್ನ ಕುತ್ಗೆ ಮೇಲಿತ್ತು. ಎಣ್ಣೆ ಅಂಗ್ಡಿಯೋನು ಕರ್ದು ಬೆಲ್ಲದ ಚೂರು ಕೈಗಿಟ್ಟ, ನೋಡಿದ್ದು ಕುತ್ಗೇನ. ಬಾವಿ ಹತ್ರ ಹೆಂಗಸ್ರು ನಂಗೆ ಜಾಗ ಬುಟ್ಟು ಸರಿದ್ರು, ಒಬ್ಳು ಮುಂದೆ ಬಂದು ನನ್ನ ಬಿಂದ್ಗೆ ಸೇದಿಕೊಟ್ಳು, ಎಲ್ರೂ ಮಾತಾಡಿದ್ದು ನನ್ನ ಕುತ್ಗೆ ಜೊತೆ. ಹೆಗಲಲ್ಲ, ಮುಖ ಅಲ್ಲ. ಎಲ್ರೂ ಒಂದೇ ಜಾಗ, ಗಂಟಲ ಗುಳಿ. ತೊಟ್ಲಲ್ಲಿದ್ದ ಕೂಸು ಕೂಡ ಅಲ್ಲೇ ನೋಡ್ತಿತ್ತು ಅಂತ ನಾನು ಆಣೆ ಮಾಡ್ತೀನಿ. ನಾನು ಸೆರಗನ್ನ ಎಳ್ದು ಕುತ್ಗೆ ಸುತ್ತ ಸುತ್ಕಂಡೆ. ಆದ್ರೂ ನೋಡಿದ್ರು, ಬಟ್ಟೆ ಹಿಂದೆ ಏನೈತೆ ಅಂತ ಗೊತ್ತಿರೋರ ಥರ.

ಒಬ್ಬಳು ಮುದುಕಿ, ನನ್ನ ಓರಗೆಯೋಳೇ, ಕೈ ಹಿಡ್ಕಂಡು, "ನೀನು ಎಷ್ಟು ನಗಿಸ್ತಿದ್ದೆ ಹೊಂಬಾಳ" ಅಂದ್ಳು.

"ಇನ್ನೂ ನಗಿಸ್ತೀನಿ ಕಣೇ."

"ಹೂಂ ಕಣೆ, ಚೆನ್ನಾಗಿ ನಗಿಸ್ತಿದ್ದೆ" ಅಂದ್ಳು ಮತ್ತೆ.

ಮನೆಗೆ ಬಂದು ಗಂಟಲ ಗುಳಿ ಮುಟ್ಟಿ ನೋಡ್ಕಂಡೆ. ಅಲ್ಲಿ ಬೆರಳಿಟ್ರೆ ತಣ್ಣಗಿತ್ತು, ಸಾಣೆ ಹಿಡ್ದ ಕಬ್ಬಿಣ ಮುಟ್ಟಿದಂಗೆ. ಆ ಕೊಡ್ಲಿ ಎಲ್ಲೋ ಇತ್ತು. ಇವತ್ತಿಗೂ ನಾಳೆಗೂ ಮಧ್ಯ ಎಲ್ಲೋ ಲಾಗ ಹಾಕ್ತಾ ನಿಂತಿತ್ತು. ಒಲೆ ಹಚ್ಚಿದೆ. ಗೋಡೆ ಕಲೆ ಕಡೆ ತಿರುಗಿ, "ನಡುವಿಗೇ ಎಸ್ದಿದ್ದೀನಿ ಕಣ್ರೀ. ಈ ಊರಲ್ಲಿ ಹುಟ್ಟಿದೋರು ಯಾರೂ ಅಷ್ಟು ನಡುವಿಗೆ ಎಸ್ದಿಲ್ಲವಂತೆ" ಅಂದೆ. ಇದೊಂದು ಮಾತು ಸುಳ್ಳಲ್ಲ. ಬೆಕ್ಕು ಬಂತು, ದೂರದಲ್ಲೇ ಕೂತ್ಕಂಡ್ತು. ಅದು ಎಲ್ಲಿ ನೋಡ್ತಿತ್ತು ಅಂತ ನಾನು ನೋಡೋಕೆ ಹೋಗ್ಲಿಲ್ಲ.

ಬೆಳಗ್ಗೆ ಮುದ್ದೆ ಕಟ್ಟಿ, ಹುರುಳಿ ಸಾರು ಮಾಡಿದ್ದೆ. ಸಾಯೋಳಿಗಾದ್ರೂ ಹಸಿವು ಹಸಿವೇ. ಇನ್ನೂ ತಟ್ಟೆ ಮುಂದೆ ಕೂತಿಲ್ಲ, ಬಾಗ್ಲಲ್ಲಿ ದ್ಯಾವೀರಿ. ಅವಳು ಈ ಹೊಸ್ಲು ದಾಟಿ ಎಷ್ಟೋ ಕಾಲ ಆಗಿತ್ತು. ಸೀದಾ ಒಳ್ಗೆ ಬಂದು ಒಲೆ ನೋಡಿದ್ಳು, ಗೂಡು ನೋಡಿದ್ಳು, ಅಟ್ಟ ನೋಡಿದ್ಳು.

"ಮನೆ ಅಳ್ಯೋಕೆ ಬಂದ್ಯೇನೆ? ಇನ್ನೂ ಹೊತ್ತೈತೆ" ಅಂದೆ.

"ಹಸಿವಾಗೈತೆ. ಏನಾದ್ರೂ ಹಾಕು" ಅಂದ್ಳು.

"ನಿನ್ನ ಮನೇಲಿ ಒಲೆ ಇಲ್ವಾ?"

"ಹಾಕ್ತೀಯೋ ಇಲ್ವೋ ಅಕ್ಕ?"

ಊರಲ್ಲಿ ಅವಳೊಬ್ಳೇ ನನ್ನ ಕುತ್ಗೆ ನೋಡ್ಲಿಲ್ಲ. ನೆಲ ನೋಡ್ಕಂಡು ಕೂತ್ಳು. ನಾನು ಮುದ್ದೆ ಹಾಕ್ದೆ, ಸಾರು ಬಿಟ್ಟೆ. ಒಂದು ತುತ್ತು ನುಂಗಿ, "ಹುಣಸೆಮರಾನೇ ಪೂರ್ತಿ ಹಿಂಡಿದ್ದೀಯ" ಅಂದ್ಳು. ಇನ್ನೊಂದು ತುತ್ತು. "ಇದನ್ನ ತಿಂದೇ ನಮ್ಮ ಭಾವ ಬೇಗ ಹೋದ್ರು." ಆದ್ರೂ ತಟ್ಟೇಲಿ ಒಂದು ಚೂರೂ ಬಿಡ್ಲಿಲ್ಲ, ಇನ್ನೊಂದು ಮುದ್ದೆ ಕೇಳಿ ಇಸ್ಕಂಡ್ಳು. ನಾನು ಅವಳ ಎದುರೇ ಕೂತು ಉಂಡೆ. ಕೈ ತೊಳ್ಕಂಡು ಎದ್ದು, "ನಡಿ" ಅಂದ್ಳು.

ಬಯ್ಲಲ್ಲಿ ಜನ ನಿನ್ನೆಗಿಂತ ಜಾಸ್ತಿ, ಸದ್ದು ನಿನ್ನೆಗಿಂತ ಕಮ್ಮಿ. ಬೇಲಿ ಹತ್ರ ಯಾರೋ ಹಾರೆ ಒರಗಿಸಿ ಮಡಗಿದ್ರು, ನಂಗೆ ಕಾಣಿಸ್ದಂಗೆ ಅದರ ಮುಂದೆ ಒಬ್ಬ ನಿಂತಿದ್ದ. ಪಾಪ, ನನ್ನ ಎತ್ತರ ಮರ್ತಿದ್ದ. ನಾನು ಎಲ್ರ ತಲೆ ಮೇಲಿಂದ ನೋಡ್ದೆ.

ಚಪ್ಪಡಿ ಹತ್ರ ಹೋಗಿ ಇನ್ನೇನು ಗುಳಿಗೆ ಕಾಲಿಡ್ಬೇಕು, ದ್ಯಾವೀರಿ ನನ್ನ ಸೊಂಟಕ್ಕೆ ಭುಜ ಕೊಟ್ಟು ತಳ್ಳಿದ್ಳು.

"ಸರ್ಕೊ ಅಕ್ಕ. ನಾನು ನಿಂತ್ಕತೀನಿ."

"ತಲೆ ನೆಟ್ಟಗೈತೇನೇ?"

ಅವಳು ನಂಗೆ ಉತ್ರ ಕೊಡ್ದೆ ಬೀರಣ್ಣನ ಕಡೆ ತಿರುಗಿ, "ಇವಳ ಒಲೇಲಿ ಉಂಡಿದ್ದೀನಿ. ಬೇಕಾದ್ರೆ ಬಾಯಿ ಮೂಸಿ ನೋಡು, ಹುಳಿ ವಾಸ್ನೆ ಹೋಗಿಲ್ಲ" ಅಂದ್ಳು.

ಬೀರಣ್ಣ ತಡವರಿಸ್ದ. "ದ್ಯಾವೀರಮ್ಮ, ನಿಂತೋರು ಸಾಯೋತಂಕ ಆ ಒಲೆಗೇ ಸೇರ್ದೋರು. ನಿನ್ನ ಮನೆ, ನಿನ್ನ ಅಡುಗೆಮನೆ..."

"ಗೊತ್ತು. ಸೊಸೆಗೆ ಬೀಗದ ಕೈ ಕೊಟ್ಟೇ ಬಂದಿದ್ದೀನಿ."

"ಯಾಕೇ?" ಅಂದೆ ನಾನು.

ಆಗ ಅವಳು ಮೊದಲ್ನೇ ಸಲ ತಲೆ ಎತ್ತಿ ನನ್ನ ಗಂಟಲ ಗುಳಿ ನೋಡಿದ್ಳು. ಅಲ್ಲಿಂದ ಕಣ್ಣು ತೆಗ್ದು ತನ್ನ ನೆತ್ತಿ ಮೇಲೆ ಅಂಗೈ ಇಟ್ಕಂಡು, ಆ ಅಂಗೈನ ಹಂಗೇ ನನ್ನ ಕಡೆ ತಂದ್ಳು. ನನ್ನ ಹೆಗಲ ಹತ್ರಕ್ಕೆ ಬಂತು ಅದು. ಗಂಟಲ ಗುಳಿಗಿಂತ ಒಂದು ಬೆರಳು ಕೆಳಗೆ, ಅಷ್ಟೇ. ಬಾಯಿ ಬಿಡ್ಲಿಲ್ಲ. ಒಂದು ಬೆರಳು ಹೆಚ್ಚೋ ಕಮ್ಮಿಯೋ ಅಂತ ಅವಳಿಗೂ ಗೊತ್ತಿರ್ಲಿಲ್ಲ.

"ನೀನು ನನ್ನ ಅಡುಗೆಮನೆಗೆ ಬಂದು ಕೂತ್ರೆ ನಾನು ದಿನಾ ಸಾಯ್ಬೇಕು. ಇದು ಒಂದೇ ದಿನ" ಅಂದ್ಳು. ಗುಳೀಲಿ ಪಾದ ಇಟ್ಟು ದಿಮ್ಮಿಗೆ ಬೆನ್ನು ಕೊಟ್ಟು ನಿಂತ್ಳು.

ನಾನು ನಿನ್ನೆ ಎಸ್ದ ಜಾಗದಲ್ಲೇ ನಿಂತ್ಕಂಡೆ, ಇನ್ನೊಬ್ರು ದಿಮ್ಮಿಗೆ ನಿಂತಾಗ ಎಸ್ದೋರು ಅಲ್ಲೇ ನಿಲ್ಬೇಕು. ನೆರಳು ಕಾಲಡಿಗೆ ಸೇರ್ತಾ ಬಂತು. ದಿಮ್ಮಿ ಮೇಲಿದ್ದ ಕಾಗೆ ಎದ್ದು ಹೋಯ್ತು. ನಾಯಿಗಳೆಲ್ಲ ಒಂದೇ ಕಡೆ ಮೂತಿ ಎತ್ತಿ ಖಾಲಿ ಗಾಳೀನ ನೋಡ್ತಾ ನಿಂತ್ವು. ಸಾಣೆ ಕಲ್ಲಿನ ವಾಸ್ನೆ ಬಂತು, ನನ್ನ ಬೆವರಿನ ವಾಸ್ನೇನೂ ಬಂತು, ನಿನ್ನೇದು. ದ್ಯಾವೀರಿ ಕುತ್ಗೇನ ಆಮೆ ಥರ ಒಳಕ್ಕೆ ಎಳ್ಕಂಡು ಕಣ್ಣು ಮುಚ್ಚಿದ್ಳು. ನಾನು ಈ ಸಲ ಮುಚ್ಚಲಿಲ್ಲ. ಮುಚ್ಚೋಕಾಗ್ಲಿಲ್ಲ. ನನ್ನ ಮುಂದೆ ಗಾಳಿ ಬಿಚ್ಕಂಡ್ತು, ಕೊಡ್ಲಿ ಈಚೆ ಬಂತು. ಅದು ಹೋಗೋದನ್ನ ನೋಡ್ದೆ. ಎಡಕ್ಕೂ ಇಲ್ಲ, ಬಲಕ್ಕೂ ಇಲ್ಲ. ನೂಲು ಹಿಡ್ದು ಬಿಟ್ಟಂಗೆ ನಡುವಿಗೆ.

ಧಡ್ ಅಂತ ದಿಮ್ಮಿ ಸದ್ದು ಮಾಡ್ತು.

ಅವಳು ನಿಂತೇ ಇದ್ಳು. ಕೊಡ್ಲಿ ಅವಳ ನೆತ್ತಿ ಮೇಲಿತ್ತು. ಬಾಯಿ ದಿಮ್ಮೀಲಿ ಪೂರ್ತಿ ಇಳ್ದಿತ್ತು, ಬೈತಲೆ ಹತ್ರದ ಒಂದು ಎಳೆ ಬಿಳಿಕೂದ್ಲು ಅದರಡಿ ಸಿಕ್ಕಂಡಿತ್ತು. ಎಸ್ದೋರೇ ಕೀಳ್ಬೇಕು. ನಾನು ನಡ್ಕಂಡು ಹೋದೆ. ಆ ಬಯ್ಲು ಅಷ್ಟು ಉದ್ದ ಅಂತ ನಂಗೆ ಗೊತ್ತಿರ್ಲಿಲ್ಲ, ಮೂರು ಊರು ದಾಟಿದಂಗಾಯ್ತು. ಹತ್ರ ಹೋಗಿ ನಿಂತಾಗ ಕೊಡ್ಲಿ ನನ್ನ ಗಂಟಲ ಗುಳಿ ನೇರಕ್ಕಿತ್ತು. ಕಾವು ಹಿಡ್ದೆ. ಒದ್ದೆಯಾಗಿತ್ತು, ಬೆಚ್ಚಗಿತ್ತು. ನಿನ್ನೆಯ ನನ್ನ ಕೈ ಈಗ ತಾನೆ ಬುಟ್ಟು ಹೋಗಿತ್ತು.

"ಕಿತ್ಯಾ?" ಅಂದ್ಳು ಅವಳು, ಕಣ್ಣು ಮುಚ್ಕಂಡೇ.

"ಕೀಳ್ತಾ ಇದ್ದೀನಿ ಇರು. ಗಟ್ಟಿಯಾಗಿ ಕಚ್ಕಂಡೈತೆ. ಬಲಶಾಲಿ ಎಸ್ದಿರೋದು" ಅಂದೆ. ತಮಾಷೆಗೆ ಅಂದಿದ್ದು, ಅರ್ಧ ಮಾತು ಒಳ್ಗೇ ಉಳೀತು.

ಅವತ್ತೇ ಅವಳ ಗಂಟು ನನ್ನ ಮನೆಗೆ ಬಂತು. ಕೂತು ಸುಧಾರಿಸ್ಕಂಡ್ಳಾ? ಇಲ್ಲ. ಸೆರಗು ಸಿಕ್ಕಿಸ್ಕಂಡು ಉಪ್ಪಿನ ಮಡಕೆ ಎಡಗಡೆಯಿಂದ ಬಲಗಡೆಗೆ ಇಟ್ಳು, ಹುಣಸೆ ಡಬ್ಬಿ ಎತ್ತಿ ಅಟ್ಟಕ್ಕೆ ಸೇರಿಸೋಕೆ ಹೋದ್ಳು. ಕೈ ಎಟುಕ್ಲಿಲ್ಲ. ನಾನು ಗೋಡೆಗೆ ಒರಗಿ ಕೂತು ನೋಡ್ತಿದ್ದೆ. ಸುಮ್ನಿರೋಕಾಗ್ತದಾ?

"ಕೊಡ್ಲಿಗೂ ಎಟುಕ್ದೋಳು ಅಟ್ಟಕ್ಕೆ ಎಲ್ಲಿ ಎಟುಕ್ತೀಯ ಬುಡು" ಅಂದೆ.

ಅವಳು ತಿರುಗಿದ್ಳು. ಮುಖದಲ್ಲಿ ರಕ್ತವೇ ಇರ್ಲಿಲ್ಲ. ಬಯ್ಲಲ್ಲಿ ತಡ್ಕಂಡಿದ್ದ ನಡುಕ ಎಲ್ಲ ಆಗ ಬಂತು ಅವಳಿಗೆ, ಮೈಯೆಲ್ಲ ಅದುರಿತು. "ನನ್ನ ಮನೆ ಬುಟ್ಟು ಬಂದೆ ಕಣೆ ನಿನ್ನಿಂದ" ಅಂತ ಕೈಗೆ ಸಿಕ್ಕಿದ ನೀರಿನ ಚೊಂಬನ್ನ ನನ್ನ ಕಡೆ ಬೀಸಿ ಎಸ್ದು ಬುಟ್ಳು. ಹಿತ್ತಾಳೆ ಚೊಂಬು, ತುಂಬಿದ್ದು. ನನ್ನ ಮೂಗಿನ ಮುಂದೆ ಬಂದು ಮಾಯವಾಯ್ತು. ಒಂದು ಹನಿ ನೀರೂ ಸಿಡೀಲಿಲ್ಲ.

ಇಬ್ರೂ ಆ ಖಾಲಿ ಜಾಗ ನೋಡ್ತಾ ಕೂತ್ವಿ. ಅವಳು, "ನಾಳೆ ಈ ಹೊತ್ಗೆ ಅಲ್ಲಿ ಕೂರ್ಬೇಡ" ಅಂದ್ಳು.

ಮಾರ್ನೇ ದಿನ ಆ ಹೊತ್ಗೆ ನಾನು ಮಣೆ ತಗೊಂಡೋಗಿ ಅದೇ ಜಾಗದಲ್ಲಿ, ಗೋಡೆಗೆ ಒರಗಿ ಕೂತ್ಕಂಡೆ. ಅವಳು ಒಲೆ ಮುಂದೆ ಹಿಟ್ಟು ತಿರುವ್ತಿದ್ಳು. ತಿರುಗಿ ನೋಡಿದ್ಳು.

"ಏಳು ಅಕ್ಕ."

"ಏಳಲ್ಲ."

"ಹಲ್ಲು ಉದುರ್ತವೆ."

"ಇದ್ರೆ ತಾನೆ."

"ಹುಚ್ಚು ಹಿಡಿದೈತಾ ನಿಂಗೆ? ಹಿತ್ತಾಳೆ ಚೊಂಬು ಅದು. ತುಂಬಿದ್ದು."

"ನಂಗೆ ಅಂತ ಎಸ್ದಿದ್ದು ತಾನೆ. ನೀನು ನನ್ನ ಕೊಡ್ಲಿಗೆ ನಿಂತ್ಕಬೋದು, ನಾನು ನಿನ್ನ ಚೊಂಬಿಗೆ ಕೂತ್ಕಬಾರ್ದಾ?"

ಅವಳು ಹಿಟ್ಟಿನ ಕೋಲನ್ನ ಮಡಕೇಲೇ ಬುಟ್ಟು ಎದ್ದು ಬಂದ್ಳು. ನನ್ನ ರಟ್ಟೆ ಹಿಡ್ದು ಎಳೆದ್ಳು. ಒಳಕಲ್ಲು ತೆಂಗಿನಮರ ಎಳ್ದಂಗೆ, ನಾನು ಜಗ್ಗಲಿ ಹೆಂಗೆ? ಏದುಸಿರು ಬಿಟ್ಕಂಡು ಒಸಿ ಹೊತ್ತು ನಿಂತ್ಳು. ಒಲೇಲಿ ಹಿಟ್ಟು ತಳ ಹಿಡೀತಿದ್ದ ವಾಸ್ನೆ ಬಂತು, ಇಬ್ರೂ ಆ ಕಡೆ ಹೋಗ್ಲಿಲ್ಲ. "ಸರ್ಕೊ ಒಸಿ" ಅಂದು ನನ್ನ ಪಕ್ಕಕ್ಕೆ ಕೂತು, ಅವಳ ಗಿಡ್ಡ ಕೈ ಎತ್ತಿ ಅಂಗೈನ ನನ್ನ ಮುಖದ ಮುಂದೆ ಅಡ್ಡ ಹಿಡಿದ್ಳು.

ಬೆಕ್ಕು ಎದ್ದು ಹೊರಕ್ಕೆ ಹೋಯ್ತು. ಒಣಗಿದ ಅಡುಗೆಮನೇಲಿ, ನಮ್ಮಿಬ್ರ ಮುಂದೆ, ನೀರಿನ ವಾಸ್ನೆ ಬರೋಕೆ ಶುರುವಾಯ್ತು.